ಏಪ್ರಿಲ್ ಒಂದರಂದು ನಮ್ಮ ಮನೆಯಲ್ಲಿದ್ದವರು

ನಮ್ಮ ಕೋಲ್ಡರ್ ಬೆಂಡ್ ಊರನ್ನು ಮೂರು ಕಡೆ ನದಿ ಸುತ್ತಿಕೊಂಡಿದೆ, ನಾಲ್ಕನೆಯ ಕಡೆ ರೈಲು ಹಳಿ. ಬೆಳೆಯಲು ಜಾಗವಿಲ್ಲ ಅನ್ನುವುದು ಮೇಯರರ ಹಳೆಯ ಸಬೂಬು. ಜಾಗವಿದ್ದರೆ ಯಾರು ಬಂದು ತುಂಬುತ್ತಿದ್ದರೋ ನಾ ಕಾಣೆ. ಮಾಂಸದ ಕಾರ್ಖಾನೆ ಮುಚ್ಚಿದ ಮೇಲೆ ಹಳಿಯ ಕೆಳಗಿನ ಬೀದಿಗಳಲ್ಲಿ ಕಣ್ಣಿಗೆ ಬೀಳುವುದೆಲ್ಲ ಬೀಗ. ಹತ್ತು ವರ್ಷದ ಹಿಂದೆ ಎರಡು ಸಾವಿರದ ಆರುನೂರು ಚಿಲ್ಲರೆ ಜನ ಇದ್ದೆವು. ಈ ಸಲದ ಜನಗಣತಿಯಲ್ಲಿ ಎರಡೂವರೆ ಸಾವಿರಕ್ಕಿಂತ ಕೆಳಗಿಳಿದರೆ ಸರ್ಕಾರದ ಪಟ್ಟಿಯಲ್ಲಿ ನಾವು ಹಳ್ಳಿಯವರು. ಅದಕ್ಕೇ ಮೇಯರ್ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಒಂದು ತಲೆಯೂ ತಪ್ಪಬಾರದು ಎಂದು ಎಲ್ಲರಲ್ಲೂ ಗೋಗರೆದದ್ದು.

ಫಾರಂ ತುಂಬಿ ಕಳಿಸದವರ ಮನೆಗೆ ಹೋಗಿ ಎಣಿಸುವ ಕೆಲಸ ಆ ಮೇ ತಿಂಗಳಲ್ಲಿ ನನಗೂ ಹೆನಿಂಗ್ ಮೇಷ್ಟ್ರಿಗೂ ಸಿಕ್ಕಿತು. ಶಾಲೆಯಲ್ಲಿ ನನಗೆ ಭೂಗೋಳ ಹೇಳಿಕೊಟ್ಟವರು ಅವರೇ. ಹಳಿಯ ಕೆಳಗಿನ ಬೀದಿಗಳು ನನ್ನವು, ನನ್ನ ಮನೆಯಿರುವ ಮೇಲಿನ ಬೀದಿಗಳು ಅವರವು. ಗಣತಿಗೆ ಗೊತ್ತಾದ ದಿನ ಏಪ್ರಿಲ್ ಒಂದು; ವರ್ಷದ ಹೆಚ್ಚು ದಿನ ಯಾರು ಎಲ್ಲಿ ಮಲಗುತ್ತಾರೋ ಅಲ್ಲೇ ಅವರ ಲೆಕ್ಕ. ನಾನು ಈ ನಿಯಮದಲ್ಲಿ ಬಲು ಬಿಗಿ. ವೃದ್ಧಾಶ್ರಮಕ್ಕೆ ಸೇರಿಸಿದ ಗಂಡನ ಹೆಸರನ್ನೂ ಬರೆಸಲು ಹೊರಟ ಮುದುಕಿಯೊಬ್ಬಳಿಗೆ, ಅವರನ್ನು ಅಲ್ಲೇ ಎಣಿಸುತ್ತಾರೆ ಎಂದು ಹೇಳಿ ಬಂದೆ. ಅವಳು ಬಾಗಿಲು ಹಾಕಿಕೊಂಡಳು.

ಆದರೆ ನನ್ನದೇ ಫಾರಂ ಮಾರ್ಚಿನಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಖಾಲಿ ಇತ್ತು. ಗಂಡ ಡ್ವೇನ್ ಹಿಂದಿನ ಆಗಸ್ಟಿನಲ್ಲಿ, ಮೂರು ತಿಂಗಳು ಅಷ್ಟೇ ಎಂದು ಹೇಳಿ ಉತ್ತರ ಡಕೋಟಾದ ಎಣ್ಣೆಬಾವಿಗೆ ಹೋಗಿದ್ದ. ಕ್ರಿಸ್‌ಮಸ್ಸಿಗೆ ಬಂದವನು ಎರಡು ದಿನ ಇದ್ದ. ಫೆಬ್ರವರಿಯಿಂದ ಫೋನೂ ಅಪರೂಪವಾಯಿತು. ಎರಡು ಎಂದು ಬರೆಯಲು ಕೈ ಬರುತ್ತಿರಲಿಲ್ಲ, ಒಂದು ಎಂದು ಬರೆಯಲು ಜೀವ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಪೆನ್ಸಿಲ್ ಹಿಡಿಯುವುದು, ಕೆಳಗಿಡುವುದು, ಅರ್ಧ ಕಾಫಿ ಬಿಟ್ಟು ಬೇರೆಯವರ ಬಾಗಿಲು ಬಡಿಯಲು ಓಡುವುದು. ಮನೆಯಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ಒಂದು ಸಂಜೆ ಎದುರು ಮನೆಯ ಓಪಲ್ ಗಿಡಕ್ಕೆ ನೀರು ಬಿಡುತ್ತಾ ನನ್ನನ್ನು ಕರೆದಳು.

"ಮೇಷ್ಟ್ರು ನಿನ್ನ ಮನೆಗೆ ಎಷ್ಟು ಸಲ ಬಂದ್ರೂ ನೀನು ಸಿಗ್ಲಿಲ್ಲ ಕಣೇ. ಕೊನೆಗೆ ನನ್ನನ್ನೇ ಕೇಳಿದ್ರು. ಒಬ್ಬಳೇ ಇರೋದು ಅಂದೆ."

ನನಗೆ ಮೈ ಉರಿದುಹೋಯಿತು. ನನ್ನ ಮನೆಯಲ್ಲಿ ಎಷ್ಟು ಜನ ಅಂತ ಹೇಳಲು ನೀನು ಯಾರು ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಓಪಲ್ ನೀರು ನಿಲ್ಲಿಸಿದಳು.

"ನಿನ್ನ ಗಂಡನ ಟ್ರಕ್ಕಿನ ಸದ್ದಿಗೆ ದಿನಾ ನಾಲ್ಕು ಗಂಟೆಗೇ ನನಗೆ ಎಚ್ಚರ ಆಗ್ತಿತ್ತು. ಈಗ ಏಳರವರೆಗೂ ಮಲಗ್ತೀನಿ. ಇನ್ನೇನು ಹೇಳ್ಲಿ?"

ಸೀದಾ ಮೇಷ್ಟ್ರ ಮನೆಗೆ ಹೋದೆ. ಅವರು ಅಡುಗೆಮನೆಯ ಮೇಜಿನ ಮೇಲೆ ಫಾರಂಗಳನ್ನು ಜೋಡಿಸಿಕೊಂಡು ಕೂತಿದ್ದರು. ತಪ್ಪಾಗಿದೆ, ತಿದ್ದಿ ಎಂದೆ. ಅವರು ವಾದ ಮಾಡಲಿಲ್ಲ. ನನ್ನ ಮನೆಯ ಹಾಳೆ ತೆಗೆದು, ಅಂಕಿ ಅಳಿಸಿ, ಪೆನ್ಸಿಲ್ ಹಿಡಿದರು.

"ಮನೆಯವಳು ನೀನಿದ್ದೀಯ ರೋಂಡಾ, ನೀನು ಹೇಳಿದ್ದೇ ಬರೀತೀನಿ. ಏಪ್ರಿಲ್ ಒಂದರಂದು ಆ ಮನೇಲಿ ಎಷ್ಟು ಜನ ವಾಸ ಇದ್ರು?"

ಅದೇ ಪ್ರಶ್ನೆಯನ್ನು ನಾನು ತಿಂಗಳಿಡೀ ಮನೆಮನೆಯಲ್ಲಿ ಕೇಳಿದ್ದೆ. ಎರಡು ಅಂದುಬಿಟ್ಟರೆ ಮೇಯರಿಗೂ ಖುಷಿ, ನನಗೂ ಸಮಾಧಾನ. ಬಾಯಿ ತೆರೆದೆ. ಬೇರೆಯೇ ಮಾತು ಬಂತು.

"ಡಕೋಟಾದಲ್ಲಿ ಅವನನ್ನ ಎಣಿಸಿರ್ತಾರಾ ಮೇಷ್ಟ್ರೆ?"

"ಎಣಿಸಿರ್ತಾರಮ್ಮ."

"ಅವನ ಮನೇಲಿ ಎಷ್ಟು ಜನ ಅಂತ ಹೇಳಿರ್ತಾನೆ?"

ಮೇಷ್ಟ್ರು ಕಣ್ಣು ತಗ್ಗಿಸಿದರು. ಅವರಿಗೆ ಗೊತ್ತಿರಲು ಸಾಧ್ಯವಿಲ್ಲ, ಆದರೂ ಅಲ್ಲಿ ಅವನ ಜೊತೆ ಇನ್ಯಾರೋ ಇರಬಹುದೆಂಬ ನನ್ನ ಅನುಮಾನ ಅವರಿಗೂ ಹೊಳೆದಿತ್ತು.

"ಒಬ್ಬಳು ಅಂತ ಬರ್ಕೊಳ್ಳಿ," ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.