ಭಾವನ ಟಚ್‌ಸ್ಕ್ರೀನ್ ರೇಡಿಯೊ

ಸಣ್ಣ ವಿಮಾನಗಳಿಗೆ ರೇಡಿಯೊ ಕೂರಿಸುವುದು ನನ್ನ ಕೆಲಸ. ಭಾವನ ನಾಲ್ಕು ಸೀಟಿನ ವಿಮಾನಕ್ಕೆ ತಿರುಗಿಸುವ ಗುಂಡಿಯ ರೇಡಿಯೊ ಆರಿಸಿದ್ದೆ. ಅವರು ಮೂಗು ಮುರಿದು, ಟಚ್‌ಸ್ಕ್ರೀನಿನದೊಂದನ್ನು ತಂದಿಟ್ಟರು.

"ಗುಂಡಿ ತಿರುಗಿಸೋ ಕಾಲ ಹೋಯ್ತಮ್ಮ. ಸುಮ್ನೆ ಇದನ್ನ ಹಾಕು."

"ಹಾಕಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದೆ.

ಶೆಡ್ಡಿನ ಮೂಲೆಯಲ್ಲಿ ನಮ್ಮ ಎಣ್ಣೆಬಟ್ಟೆ ಒಗೆಯುವ ಹಳೇ ವಾಷಿಂಗ್ ಮೆಷಿನ್ ಇತ್ತು. ಅವರ ರೇಡಿಯೊವನ್ನು ಬ್ಯಾಟರಿಗೆ ಜೋಡಿಸಿ, ಮೆಷಿನ್ನಿನ ಮೇಲೆ ಬಿಗಿದು ಕಟ್ಟಿ, ಬಟ್ಟೆ ಹಿಂಡುವ ಸ್ವಿಚ್ ಒತ್ತಿದೆ. ಮೆಷಿನ್ ಗಡಗಡ ನಡುಗಿತು.

"ಈಗ ಏರ್‌ಪೋರ್ಟ್ ಟವರಿನ ನಂಬರ್ ಒತ್ತಿ, ಭಾವ."

ಮೂರು ಸಲ ಒತ್ತಿದರು. ಮೂರು ಸಲವೂ ಪಕ್ಕದ ಅಂಕಿಯೇ ಬಿತ್ತು.

"ಮೊದಲು ಮೆಷಿನ್ ನಿಲ್ಸೇ!"

"ಮೋಡದೊಳಗೆ ವಿಮಾನ ಹೀಗೇ ಕುಣಿಯುತ್ತೆ. ಅಲ್ಲಿ ಯಾರಿಗೆ ನಿಲ್ಸು ಅಂತೀರಿ?"