ಸುಕ್ಕುಗಟ್ಟುವ ಬಾತುಕೋಳಿ

ಕಸೂತಿ ಫ್ರೇಮಿನಲ್ಲಿರುವ ತನಕ ಬಾತುಕೋಳಿ ಎಷ್ಟು ಚೆಂದ! ಕೊಕ್ಕೇನು, ರೆಕ್ಕೆಯೇನು, ದುಂಡು ಹೊಟ್ಟೆಯೇನು! ತಿರುಪು ಸಡಿಲಿಸಿ ಬಟ್ಟೆ ಹೊರಗೆ ತೆಗೆದರೆ ಮುಗಿಯಿತು, ಸುತ್ತಲೂ ಸುಕ್ಕುಗಟ್ಟಿ ಮುದಿ ಬಾತಾಗಿಬಿಡುತ್ತಿತ್ತು. ಯಾಕೆ ಹೀಗೆಂದು ಸೊಸೆಗೆ ತಲೆಬುಡ ಅರ್ಥವಾಗಲೊಲ್ಲದು.

ಕಸೂತಿ ಮೆಷಿನ್ ಬೇಕೆಂದು ಹಟ ಹಿಡಿದವಳು ಅವಳೇ. ಗಂಡ "ನಿನ್ನಿಷ್ಟ" ಎಂದು ನುಣುಚಿಕೊಂಡಿದ್ದ. ಬೆನ್ನಿಗೆ ನಿಂತವರು ಅತ್ತೆ. ಒಂದು ಕಾಲಕ್ಕೆ ಸುತ್ತಮುತ್ತಲಿನವರ ಮೇಜುಬಟ್ಟೆಗಳಿಗೆಲ್ಲ ಕೈಯಲ್ಲೇ ಹೂ ಹಾಕಿಕೊಟ್ಟ ಹೆಂಗಸು. ಈಗ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲೂ ಆಗದೆ, ಮೆಷಿನ್ ಪಕ್ಕದ ಕುರ್ಚಿಯಲ್ಲೇ ಠಿಕಾಣಿ ಹೂಡಿದ್ದರು.

ಇದ್ದ ಒಬ್ಬನೇ ಗಿರಾಕಿ, ಮಕ್ಕಳ ಬಟ್ಟೆ ಅಂಗಡಿಯವನು, ಬೆಳಿಗ್ಗೆ ಬಂದು ಮುಖ ಸಿಂಡರಿಸಿದ್ದ. "ಏನಮ್ಮಾ, ಬಾತುಕೋಳಿ ಕೇಳಿದ್ರೆ ಒಣದ್ರಾಕ್ಷಿ ಕೊಡ್ತೀರಲ್ಲ! ಸಂಜೆ ಒಂದಾದ್ರೂ ಸರಿಯಾಗಿರೋದು ತೋರಿಸಿ. ಇಲ್ಲಾಂದ್ರೆ ಬೇರೆ ಕಡೆ ಕೊಡ್ತೀನಿ." ಇವನೂ ಹೋದರೆ ಮೆಷಿನ್ ಮಾರುವುದೇ ಸೈ ಎಂದು ಸೊಸೆ ತೀರ್ಮಾನಿಸಿಬಿಟ್ಟಿದ್ದಳು.

ಸೂಜಿ ಬದಲಿಸಿದ್ದಾಯಿತು, ದಾರ ಬದಲಿಸಿದ್ದಾಯಿತು. ಅಂಗಿಗಳದು ಬನಿಯನ್ ಬಟ್ಟೆ, ಎಳೆದರೆ ಹಿಗ್ಗುತ್ತದೆ. ಕೆಳಗೆ ದಪ್ಪ ಪೇಪರ್ ಇಟ್ಟು, ಬಟ್ಟೆ ಮೇಜಿನ ಮೇಲೆ ಹೇಗೆ ಮಲಗಿದೆಯೋ ಹಾಗೇ ಫ್ರೇಮಿಗೆ ಕೂರಿಸಬೇಕು. ಅವಳು ಹಾಗೇ ತಾನೇ ಕೂರಿಸುತ್ತಿದ್ದುದು? ಮತ್ತೇನು ಕೇಡು? ತನ್ನ ಕೈಗುಣವೇ ಸರಿಯಿಲ್ಲವೋ ಏನೋ! ಅಳು ಬಂತು.

ಮತ್ತೊಂದು ಅಂಗಿ ಕೂರಿಸಿ, ಫ್ರೇಮನ್ನು ಮೇಜಿನ ಮೇಲಿಟ್ಟು, ಅಡಿದಾರ ಸುತ್ತಿದ ಬಾಬಿನ್ ತರಲು ಒಳಗೆ ಹೊರಟಳು. ಬಾಗಿಲು ದಾಟುವಾಗ ನೋಡಿದರೆ ಬಾಬಿನ್ ಕೈಯಲ್ಲೇ ಇದೆ! ತನ್ನ ತಲೆಗೆ ತಾನೇ ಮೊಟಕಿಕೊಂಡು ತಿರುಗಿದಳು.

ಅತ್ತೆ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯ ಅಂಚನ್ನು ಸುತ್ತಲೂ ಜಗ್ಗುತ್ತಿದ್ದರು.

"ಅತ್ತೆ! ಏನ್ ಮಾಡ್ತಿದ್ದೀರಿ?"

"ಅಯ್ಯೋ, ನೋಡಿಬಿಟ್ಯಾ?" ಅತ್ತೆ ನಾಚಿ ನಕ್ಕರು. "ನೀನು ಯಾವಾಗ್ಲೂ ಸಡಿಲ ಬಿಡ್ತೀಯ ಕಣೇ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ, ನೀನು ಒಳಗೆ ಹೋದಾಗೆಲ್ಲ ನಾನೇ ಎಳೆದು ಬಿಗಿ ಮಾಡಿಡ್ತಿದ್ದೆ. ನಮ್ ಕಾಲದಲ್ಲಿ ಬೆರಳಲ್ಲಿ ಹೊಡೆದ್ರೆ ಟಣ್ ಅನ್ಬೇಕಿತ್ತು."

ನಗಬೇಕೋ, ಅಳಬೇಕೋ, ಕೂಗಾಡಬೇಕೋ ಸೊಸೆಗೆ ತೋಚಲಿಲ್ಲ. "ಅದಕ್ಕೇ ಅತ್ತೆ ಸುಕ್ಕು ಬರ್ತಿದ್ದುದು! ಎಳೆದ ಬಟ್ಟೆ ಮೇಲೆ ಹೊಲಿಗೆ ಬಿದ್ದುಬಿಡುತ್ತೆ. ಫ್ರೇಮ್ ತೆಗೆದ್ರೆ ಬಟ್ಟೆ ಕುಗ್ಗುತ್ತೆ, ಹೊಲಿಗೆ ಕುಗ್ಗಲ್ಲ."

"ಹಾಂ? ಬಿಗಿ ಇದ್ರೆ ಸುಕ್ಕಾ?" ಅತ್ತೆ ಪಿಳಿಪಿಳಿ ಕಣ್ಣು ಬಿಟ್ಟರು. "ಅದ್ಯಾವ ಲೆಕ್ಕನಮ್ಮಾ?"

ಸೊಸೆ ಬಟ್ಟೆ ಬಿಚ್ಚಿ, ನೇವರಿಸಿ, ಮತ್ತೆ ಕೂರಿಸಿದಳು. ಮೆಷಿನ್ ಗಡಗಡ ಓಡಿತು. ಫ್ರೇಮ್ ತೆಗೆದರೆ ಒಂದು ಸುಕ್ಕೂ ಇಲ್ಲ! "ಬಂತು ಅತ್ತೆ, ಬಂತು! ಮೆಷಿನ್ ಉಳೀತು!" ಎಂದು ಕುಣಿದೇ ಬಿಟ್ಟಳು.

ಅತ್ತೆ ಅಂಗಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಬಾತುಕೋಳಿಯ ಸುತ್ತ ಸವರಿದರು, ಒಂದಾದರೂ ಸುಕ್ಕು ಸಿಗಲೆಂಬಂತೆ ಮತ್ತೆ ಸವರಿದರು.

"ಅಂದ್ರೆ, ನಾನು ಕೈ ಹಾಕದೇ ಇದ್ರೇನೇ ಚೆನ್ನಾಗಿ ಬರೋದು, ಅಲ್ವೇನಮ್ಮಾ?"