ಎಲ್ಲರೂ ಅಂಕಲ್, ಒಬ್ಬರೇ ಮಾವ

ಕತಾರಿನಲ್ಲಿ ಕ್ಯಾಸಿನೊ ಕೆಲಸಕ್ಕೆ ತರಬೇತಿ ಪಡೆದೆ ಎಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಜೂಜು ಮಾಫಿ, ಅಂದರೆ ಇಲ್ಲವೇ ಇಲ್ಲ. ಆದರೆ ೨೦೦೭ರಲ್ಲಿ ವಿದೇಶಿ ಪ್ರವಾಸಿ ಹಡಗಿನ ಕಂಪನಿಯೊಂದಕ್ಕೆ ಇಸ್ಪೀಟು ಹಂಚಿ ಆಡಿಸುವ ಡೀಲರುಗಳು ಬೇಕಾಗಿದ್ದರು. ಹಡಗು ಹತ್ತುವ ಮೊದಲೇ ಕಾನೂನಿನ ಪರೀಕ್ಷೆ ಪಾಸಾಗಬೇಕು. ಹಾಗಾಗಿ ದೋಹಾದ ಅಲ್ ಮನ್ಸೂರಾದ ಟ್ಯೂಶನ್ ಕೋಣೆಯೊಂದರಲ್ಲಿ ನಮಗೆ ಬರೀ ಕಾನೂನು ಕಲಿಸಿದರು. ಇಸ್ಪೀಟಿನ ಎಲೆ ಇಲ್ಲ, ಪಣದ ಬಿಲ್ಲೆಗಳ ಜಾಗದಲ್ಲಿ ಮಾರಿ ಬಿಸ್ಕತ್ತು. ನನಗೆ ಅದರಲ್ಲೂ ಖುಷಿಯೇ. ಹೋಟೆಲಿನ ರಿಸೆಪ್ಶನಿನಲ್ಲಿ ನಿಂತು ನಿಂತು ಬೇಸತ್ತಿದ್ದ ನನಗೆ ಸಮುದ್ರ ಬೇಕಿತ್ತು, ಊರೂರು ಬೇಕಿತ್ತು!

ಎರಡು ಸಲ ಫೇಲಾಗಿದ್ದೆ. ಮೂರನೆಯದೇ ಕೊನೆಯ ಅವಕಾಶ.

ನನ್ನ ರೋಗ ಒಂದೇ: ಅಂಕಲ್. ನಮ್ಮ ತುಳುವರ ಕಡೆ ಹುಟ್ಟಿದವರಿಗೆ ಸ್ವಲ್ಪ ತಲೆ ನರೆತವರನ್ನು ಕಂಡರೆ ಬಾಯಿ ತಾನಾಗಿ ಹಾಗೆ ಕರೆಯುತ್ತದೆ. ಆದರೆ ಕಾನೂನಿನ ಪ್ರಕಾರ ಸಂಬಂಧಿಕರು ಆಡಲು ಕೂತರೆ ಡೀಲರು ಕೂಡಲೇ ತಿಳಿಸಿ ಮೇಜು ಬಿಡಬೇಕು. "ಅಂಕಲ್ ಅಂದ್ರೆ ಮೇಜು ಬಿಡು, ಇಲ್ಲಾಂದ್ರೆ ಸರ್ ಅನ್ನು," ಎಂದು ನಮ್ಮ ಟೀಚರ್ ಐವಿ ಗಂಟಲು ಹರಿದುಕೊಂಡಿದ್ದರು.

ಪರೀಕ್ಷೆಯ ಶುಕ್ರವಾರ ಐನ್ ಖಾಲಿದ್‌ನ ಮನೆಯಿಂದ ದುಗ್ಗು ಮಾವ ಕಾರಿನಲ್ಲಿ ಕರೆತಂದರು. ಅಮ್ಮನ ತಮ್ಮ, ನನ್ನನ್ನು ದೋಹಾಕ್ಕೆ ಕರೆಸಿ, ತಮ್ಮ ಮನೆಯಲ್ಲೇ ಇಟ್ಟುಕೊಂಡವರು. ಬಾಗಿಲಲ್ಲಿ ವಾಚ್‌ಮನ್‌ಗೆ ಅಂಕಲ್ ಎಂದೆ. ಚಹಾದವನಿಗೂ ಎಂದೆ. ಕೋಟು ಹಾಕಿಕೊಂಡು ಬಂದ ಪರೀಕ್ಷಕ ಮಾರಿಸ್ ಅವರಿಗೂ "ಗುಡ್ ಮಾರ್ನಿಂಗ್ ಅಂಕಲ್" ಎಂದುಬಿಟ್ಟೆ! ಅವರು ನಕ್ಕರು. ನನಗೆ ಅಳು ಬಂತು.

ನನ್ನ ಸರದಿ ಬಂತು. ಆಟಗಾರರಾಗಿ ನಟಿಸಲು ಜನ ಸಾಲದೆ ಮಾರಿಸ್ ಹೊರಗೆ ಕಾಯುತ್ತಿದ್ದ ಒಬ್ಬರನ್ನು ಎಳೆದುಕೊಂಡು ಬಂದರು. ನೋಡಿದರೆ ದುಗ್ಗು ಮಾವ!

ಐವಿ ಟೀಚರ್ ಕಲಿಸಿದ್ದು ಇದನ್ನೇ. ಇದೇ ಪ್ರಶ್ನೆ, ಇದೇ ಉತ್ತರ! ಎರಡೂ ಅಂಗೈ ಬಿಡಿಸಿ ಖಾಲಿ ಎಂದು ತೋರಿಸಿ ಮೇಜಿನಿಂದ ಹಿಂದೆ ಸರಿದೆ. "ಸರ್, ಇವರು ನನ್ನ ಅಂಕಲ್. ನಾನು ಆಡಿಸುವ ಹಾಗಿಲ್ಲ."

ಮಾರಿಸ್ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು. "ನಿನಗೆ ವಾಚ್‌ಮನ್ನೂ ಅಂಕಲ್, ನಾನೂ ಅಂಕಲ್. ಆಡಿಸಮ್ಮ."

"ಅಲ್ಲ ಸರ್, ಇವರು ನಿಜವಾದ ಅಂಕಲ್!"

ಅವರು ಮಾವನ ಕಡೆ ತಿರುಗಿದರು. "ಇವಳು ನಿಮ್ಮ ಸಂಬಂಧಿಯೇ?"

ಮಾವನ ಮುಖ ಬಿಳಿಚಿತು. ಸಂಬಂಧ ಒಪ್ಪಿಕೊಂಡರೆ ವಶೀಲಿ ಎಂದು ಹುಡುಗಿಯನ್ನು ಹೊರಗೆ ಹಾಕುತ್ತಾರೆ ಎಂದು ಅವರ ಲೆಕ್ಕ. "ನೋ ನೋ ಸರ್," ಎಂದರು ಖಡಕ್ಕಾಗಿ. "ಇವಳ್ಯಾರೂಂತ ನನಗೆ ಗೊತ್ತೇ ಇಲ್ಲ."

ಮಾರಿಸ್ ಪೆನ್ನು ತೆರೆದರು. ಸುಳ್ಳು ಹೇಳಿ ಮೇಜು ಬಿಟ್ಟವಳು ಎಂದು ಬರೆದರೆ ನನ್ನ ಕಥೆ ಖಲಾಸ್. ಕೋಪ ನೆತ್ತಿಗೇರಿತು. ಪರೀಕ್ಷೆ, ಇಂಗ್ಲಿಷ್ ಎಲ್ಲ ಮರೆತುಹೋಯಿತು.

"ತಮ್ಮಲೇ!" ಎಂದು ಕಿರುಚಿದೆ.

ಮಾರಿಸ್ ಅವರ ಪೆನ್ನು ನಿಂತಿತು. ನಾವು ದಾರಿಹೋಕರನ್ನೆಲ್ಲ ಅಂಕಲ್ ಎನ್ನಬಹುದು. ತುಳುವಿನಲ್ಲಿ ತಮ್ಮಲೆ ಎನ್ನುವುದು ಅಮ್ಮನ ಒಡಹುಟ್ಟಿದವನಿಗೆ ಮಾತ್ರ.

"ಎಂತ ಕರೆದೆ ಅವರನ್ನು?" ಎಂದರು ಮಾರಿಸ್. ಕನ್ನಡದಲ್ಲಿ! "ನಾನೂ ತುಳುನಾಡಿನವನೇ, ಕಿನ್ನಿಗೋಳಿಯವ ಮಾರಾಯ್ತಿ. ಆ ಶಬ್ದ ಬಿಟ್ಟಿ ಬರುವುದಿಲ್ಲ ಅಂತ ನನಗೂ ಗೊತ್ತುಂಟು." ಮತ್ತೆ ಮಾವನ ಕಡೆ ನೋಡಿದರು. "ನಿಮ್ಮಿಂದ ಹುಡುಗಿ ಫೇಲಾಗ್ತಿದ್ದಳು. ಮೇಜು ಬಿಟ್ಟದ್ದಕ್ಕೇ ಅವಳು ಪಾಸು."

ನಾನು ಸಂತೋಷಕ್ಕೆ ಕುಣಿಯುತ್ತಿದ್ದೆ, ಮಾವ ತಲೆ ತಗ್ಗಿಸಿ ಹೊರಗೆ ಹೋದರು. ಬೇಜಾರಾಯಿತೋ ಏನೋ ಎಂದು ಹಿಂದೆಯೇ ಓಡಿದೆ.

ಲಿಫ್ಟಿನ ಎದುರು ಮಾವ ಯಾರೋ ಅಪರಿಚಿತ ಫಿಲಿಪಿನೊ ಹೆಂಗಸಿನ ದಾರಿ ಅಡ್ಡಗಟ್ಟಿ ನಿಂತಿದ್ದರು, ಕಣ್ಣಲ್ಲಿ ನೀರು.

"ಮೈ ಅಕ್ಕಾಸ್ ಡಾಟರ್!" ಎನ್ನುತ್ತಿದ್ದರು. "ಮೈ ಓನ್, ಓನ್ ಅಕ್ಕಾಸ್ ಡಾಟರ್!"